ಅರ್ಧ ವಾಕ್ಯ ಹೊತ್ತು ಲಂಪಾಂಗಿಗೆ

ಬಿನ್ನಿಪೇಟೆ

ವಿದೇಶಕ್ಕೆ ಹೋಗಿ ಬಂದವರು ಹಿಮ ಕಂಡೆ, ಸಮುದ್ರ ಕಂಡೆ ಎನ್ನುತ್ತಾರೆ. ನಾನು ಥಾಯ್ಲೆಂಡಿಗೆ ಹೋಗಿ ಸಮುದ್ರದ ಒಂದು ಹನಿಯನ್ನೂ ನೋಡದೆ ಬಂದವಳು. ನಾನು ನೋಡಿದ್ದು ಉತ್ತರದ ಲಂಪಾಂಗ್ ಎಂಬ ಊರು, ಅಲ್ಲಿನ ಒಂದು ಶಾಲೆ, ಆ ಶಾಲೆಯ ಆರನೇ ಕ್ಲಾಸು, ಮತ್ತು ಅದರ ಹೊರಗಿದ್ದ ಒಂದು ಚಪ್ಪಲಿ ಸ್ಟ್ಯಾಂಡ್. ಇಷ್ಟಕ್ಕೆ ಪಾಸ್‌ಪೋರ್ಟ್ ಬೇಕಿತ್ತಾ ಎಂದು ನನ್ನ ತಮ್ಮ ಈಗಲೂ ಕೇಳುತ್ತಾನೆ.

ಹೋದ ಕಾರಣ ಮೊದಲೇ ಹೇಳಿಬಿಡುತ್ತೇನೆ. ಚಾಮರಾಜಪೇಟೆಯ ಒಂದು ಸಣ್ಣ ಖಾಸಗಿ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರು. ಮಕ್ಕಳ ಬಾಯಲ್ಲಿ ಮಂಜುಳಾ ಮಿಸ್. ಬಿ.ಎಡ್. ಮುಗಿಸಿದ ವರ್ಷ ಅಲ್ಲಿ ಸೇರಿದವಳು ಕೂದಲು ನರೆಯುವವರೆಗೂ ಅಲ್ಲೇ ಉಳಿದೆ. ಹೋದ ವರ್ಷ ಆಡಳಿತ ಮಂಡಳಿಯವರು ಕರೆದು, ಮಕ್ಕಳು ಸಾಲುತ್ತಿಲ್ಲ, ಈ ಸಲದ ಎಸ್ಸೆಸ್ಸೆಲ್ಸಿ ಬ್ಯಾಚೇ ಕೊನೆ, ಆಮೇಲೆ ಶಾಲೆ ಮುಚ್ಚುತ್ತೇವೆ ಎಂದರು. ಅವರನ್ನು ಬೈಯಲೂ ಆಗದು. ಹತ್ತನೇ ಕ್ಲಾಸಿನಲ್ಲಿ ಮೂವತ್ತು ಚಿಲ್ಲರೆ ಮಕ್ಕಳು, ಕೆಳಗಿನ ಕ್ಲಾಸುಗಳಲ್ಲಿ ಬರೀ ಬೆಂಚುಗಳು. ನಾನು ನಾಲ್ಕಾರು ಕಡೆ ಅರ್ಜಿ ಹಾಕಿದೆ. ಕೊನೆಯ ಸಂದರ್ಶನದಲ್ಲಿ, ನನ್ನ ಶಿಷ್ಯೆಯಾಗಬಹುದಾದ ವಯಸ್ಸಿನ ಪ್ರಿನ್ಸಿಪಾಲರು ನನಗೆ ಸ್ಮಾರ್ಟ್‌ಬೋರ್ಡ್ ಬಳಸಲು ಬರುತ್ತದೆಯೇ ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಥ್ಯಾಂಕ್ಯೂ ಮೇಡಂ ಎಂದರು.

ಆಗ ತಮ್ಮನ ಹೆಂಡತಿ ಫೋನಿನಲ್ಲಿ ಈ ತರಬೇತಿಯನ್ನು ಹುಡುಕಿ ತೋರಿಸಿದಳು. ಮನೆಯಲ್ಲಿ ಇಂಗ್ಲಿಷ್ ಆಡದ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಹೇಗೆ ಎಂದು ಟೀಚರುಗಳಿಗೇ ಕಲಿಸುವ ಕೋರ್ಸು. ಓದುವುದನ್ನು ಮನೆಯಲ್ಲೇ ಕೂತು ಓದಬಹುದು, ಪಾಠ ಮಾಡಿ ತೋರಿಸುವುದಕ್ಕೆ ಮಾತ್ರ ಜನವರಿಯಲ್ಲಿ ಶಾಲೆಗೆ ರಜೆ ಹಾಕಿ ಲಂಪಾಂಗಿಗೆ ಹೋಗಬೇಕು. ಕೊನೆಯ ಪಾಠವನ್ನು ಹೊರಗಿನ ಪರೀಕ್ಷಕರು ನೋಡುತ್ತಾರೆ. ಅವರು ಒಪ್ಪಿದರೆ ಅದೇ ಶಾಲೆಯಲ್ಲಿ ಎರಡು ವರ್ಷದ ಕೆಲಸ. ಒಪ್ಪದಿದ್ದರೆ ವಾಪಸ್ ಬಿನ್ನಿಪೇಟೆ, ಕೈಯಲ್ಲಿ ಏನೂ ಇಲ್ಲ.

"ಅಕ್ಕಾ, ಇಷ್ಟು ವರ್ಷ ಪಾಠ ಮಾಡಿರೋಳಿಗೆ ಪಾಠ ಮಾಡೋದು ಹೇಗೆ ಅಂತ ಕಲಿಸ್ತಾರಾ?" ಎಂದು ತಮ್ಮ ನಕ್ಕ. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಕಲಿಯುವುದೇನು ಬಂತು, ಹೋಗಿ ಸಹಿ ಹಾಕಿಸಿಕೊಂಡು ಬರುವುದು ಅಷ್ಟೇ ಎಂದುಕೊಂಡಿದ್ದೆ.

ಅಮ್ಮನಿಗೆ ಮಾತ್ರ ಕೋರ್ಸಿನ ಚಿಂತೆ ಇರಲಿಲ್ಲ. ಅಪ್ಪ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಕಾಲದಲ್ಲೇ ನಮ್ಮ ಮನೆ ಬೌದ್ಧರ ಮನೆಯಾಯಿತು. ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಅಮ್ಮ ಇವತ್ತಿಗೂ ದಿನಾ ಹೂವಿಡುತ್ತಾಳೆ. ಅವಳ ಪ್ರಕಾರ ನಾನು ಹೋಗುತ್ತಿದ್ದದ್ದು ಬುದ್ಧನ ದೇಶಕ್ಕೆ, ನೌಕರಿ ಅದರ ಜೊತೆಗೆ ಸಿಗುವ ಕೊಸರು. ಆಟೋ ಬಂದು ನಿಂತಾಗ ನಾನು ಗಡಿಬಿಡಿಯಲ್ಲಿ ಹೋಗ್ತೀನಮ್ಮಾ ಎಂದೆ. ಅವಳು ಆಟೋದ ಕಂಬಿ ಹಿಡಿದು ನಿಂತಳು.

"ಹೋಗ್ತೀನಿ ಅಂತಾರೇನೇ ಯಾರಾದ್ರೂ? ಪೂರ್ತಿ ಹೇಳು."

"ಹೋಗಿ ಬರ್ತೀನಮ್ಮಾ."

ಆಮೇಲೆ ಕಂಬಿ ಬಿಟ್ಟಳು.

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆಗೆಸಿದರು. ಅದರಲ್ಲಿ ಮಾಮೂಲ್‌ಪೇಟೆಯಲ್ಲಿ ಕೊಂಡ ಬಣ್ಣದ ಚಾಕ್‌ಪೀಸಿನ ಡಬ್ಬಿಗಳಿದ್ದವು. ಟೀಚರು ಬರಿಗೈಲಿ ಹೋಗಬಾರದು ಎಂದು ತುಂಬಿಕೊಂಡಿದ್ದೆ. ತಪಾಸಣೆಯ ಹುಡುಗ ಒಂದು ಡಬ್ಬಿ ತೆರೆದು ನೋಡಿ, ಅಲ್ಲಿ ಚಾಕ್‌ಪೀಸ್ ಸಿಗಲ್ವಾ ಎಂದು ಕೇಳಿದ. ಸಿಕ್ಕರೆ ಸಿಗಲಿ, ನಮ್ಮದೂ ಇರಲಿ ಎಂದೆ. ಅವನು ತಟ್ಟನೆ ನೆಟ್ಟಗೆ ನಿಂತು, ಯಾವ ಸ್ಕೂಲು ಮಿಸ್ ಎಂದ. ಬೆಂಗಳೂರಿನಲ್ಲಿ ಚಾಕ್‌ಪೀಸ್ ಕಂಡರೆ ದೊಡ್ಡವರೂ ಒಂದು ಗಳಿಗೆ ಎಂಟನೇ ಕ್ಲಾಸಿಗೆ ಹೋಗಿ ಬರುತ್ತಾರೆ.

ಲಂಪಾಂಗ್

ಲಂಪಾಂಗಿನಲ್ಲಿ ಚಾಕ್‌ಪೀಸ್ ಸಿಗುತ್ತಿತ್ತೋ ಇಲ್ಲವೋ, ಶಾಲೆಯಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಎಲ್ಲ ಕ್ಲಾಸಿನಲ್ಲೂ ಬಿಳಿ ಹಲಗೆ, ಮಾರ್ಕರ್ ಪೆನ್ನು. ಡಬ್ಬಿಗಳನ್ನು ಮಂಚದ ಕೆಳಗೆ ತಳ್ಳಿದೆ.

ಊರು ಮಾತ್ರ ಮೊದಲ ನೋಟಕ್ಕೇ ಹಿಡಿಸಿತು. ನದಿಯೊಂದು ಸದ್ದಿಲ್ಲದೆ ಹರಿಯುತ್ತದೆ. ರಸ್ತೆಯಲ್ಲಿ ಇನ್ನೂ ಕುದುರೆಗಾಡಿಗಳಿವೆ. ಚಿಕ್ಕಂದಿನಲ್ಲಿ ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿನಿಂದ ಅಪ್ಪನ ಜೊತೆ ಜಟಕಾದಲ್ಲಿ ಕೂತು ಬಂದದ್ದು ನನಗೆ ಮಸುಕಾಗಿ ನೆನಪಿದೆ, ಹುಲ್ಲಿನ ವಾಸನೆ ಮತ್ತು ಬೆನ್ನುನೋವು. ಇಲ್ಲಿಯ ಗಾಡಿಗೆ ಪ್ಲಾಸ್ಟಿಕ್ ಹೂವು ಕಟ್ಟಿ ಪ್ರವಾಸಿಗರನ್ನು ಕೂರಿಸುತ್ತಾರೆ. ಹತ್ತಿ ನೋಡಿದೆ. ಹೂವು ಹೊಸದು, ಬೆನ್ನುನೋವು ಅದೇ.

ಎದುರಿಗೆ ಸಿಕ್ಕವರು ಇಲ್ಲಿ ಊಟ ಆಯ್ತಾ ಎಂದು ಕೇಳುತ್ತಾರೆ, ನಮ್ಮ ಹಾಗೆಯೇ. ಉತ್ತರಕ್ಕೆ ಕಾಯುವುದಿಲ್ಲ, ಅದೂ ನಮ್ಮ ಹಾಗೆಯೇ. ಆದರೆ ಇಂಡಿಯಾದವಳು ಎಂದ ಕೂಡಲೇ ನನ್ನ ತಟ್ಟೆಯಿಂದ ಮಾಂಸವನ್ನೆಲ್ಲ ಆರಿಸಿ ತೆಗೆದುಬಿಡುತ್ತಿದ್ದರು. ಭಾನುವಾರ ಮಟನ್ ಇಲ್ಲದೆ ಬೆಳೆದವಳಲ್ಲ ನಾನು ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಬರೀ ಎಲೆಕೋಸು ತಿಂದು ದಿನಗಳು ಕಳೆದಿದ್ದವು.

ನನ್ನ ಕೋಣೆಯಲ್ಲಿ ಇನ್ನೊಬ್ಬಳಿದ್ದಳು, ಮರಿಸೆಲ್. ಫಿಲಿಪೀನ್ಸಿನ ಟೀಚರು. ಅವಳದೂ ಅದೇ ತರಬೇತಿ, ಆದರೆ ಪಾಠ ಮಾಡುವುದು ಪಕ್ಕದ ಬೀದಿಯ ಶಾಲೆಯಲ್ಲಿ. ಸ್ನಾನ ಮಾಡುವಾಗಲೂ ಹಾಡಿಕೊಳ್ಳುವ, ಮನಸ್ಸಿನಲ್ಲಿದ್ದದ್ದನ್ನು ಮುಖಕ್ಕೇ ಹೇಳುವ ಹೆಂಗಸು. ನಮ್ಮನ್ನು ತಿದ್ದಬೇಕಾದವರು ಖ್ರೂ ನೊಕ್. ನೊಕ್ ಎಂದರೆ ಹಕ್ಕಿ ಎಂದು ಅವರೇ ಹೇಳಿದರು. ಖ್ರೂ ಎಂದರೆ ಟೀಚರು, ನಮ್ಮ ಗುರು ಎಂಬ ಮಾತೇ ನಡೆದು ನಡೆದು ಇಷ್ಟು ದೂರ ಬಂದಿದೆ. ಬೆಂಗಳೂರಿನಲ್ಲಿ ಆಟೋದವನು, ಬೀಡಾ ಅಂಗಡಿಯವನು, ಮೊಬೈಲ್ ರಿಪೇರಿಯವನು ಎಲ್ಲರೂ ಗುರು, ಟೀಚರು ಒಬ್ಬಳು ಮಾತ್ರ ಮಿಸ್. ನನ್ನ ಹೆಸರು ಅವರ ಬಾಯಲ್ಲಿ ನಿಲ್ಲದೆ ನಾನು ಖ್ರೂ ಮನ್‌ಚು ಆದೆ.

ಖ್ರೂ ನೊಕ್ ಐವತ್ತು ದಾಟಿದ, ಸಣ್ಣ ದನಿಯ, ಯಾವಾಗಲೂ ನಗುವ ಹೆಂಗಸು. ಆ ನಗುವಿನಲ್ಲಿ ಎಷ್ಟು ಬಗೆ ಇದೆ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ಆರನೇ ಕ್ಲಾಸು

ಅಲ್ಲಿ ಕ್ಲಾಸಿನೊಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು, ಟೀಚರೂ ಬಿಡಬೇಕು. ವರಾಂಡದಲ್ಲಿ ಮರದ ಸ್ಟ್ಯಾಂಡ್. ಮೇಲಿನ ಸಾಲುಗಳಲ್ಲಿ ಒಬ್ಬೊಬ್ಬ ಟೀಚರ ಹೆಸರಿನ ಚೀಟಿ, ತೀರಾ ಕೆಳಗಿನ ಸಾಲು ಹೊರಗಿನಿಂದ ಬಂದವರಿಗೆ. ನಾನು ಸೀರೆ ನೆರಿಗೆ ಹಿಡಿದು ಬಗ್ಗಿ ನನ್ನ ಚಪ್ಪಲಿಯನ್ನು ದಿನವೂ ಆ ಕೆಳಗಿನ ಸಾಲಿನಲ್ಲಿ ಇಡುತ್ತಿದ್ದೆ.

ಮೊದಲ ಪಾಠ ಹಣ್ಣು, ತರಕಾರಿ, ಬುಟ್ಟಿ. ಇದಕ್ಕಿಂತ ಸುಲಭದ್ದು ಯಾವುದಿದೆ ಎಂದು ಗತ್ತಿನಲ್ಲೇ ಒಳಗೆ ಹೋದೆ. ನಮ್ಮ ಕಡೆ ಪಾಠ ಹೇಗೆ ನಡೆಯುತ್ತದೆ ಎಂದು ಇಲ್ಲಿ ಓದುವವರಿಗೆ ಹೇಳಬೇಕಾಗಿಲ್ಲ. ಟೀಚರು ವಾಕ್ಯವನ್ನು ಅರ್ಧ ಹೇಳಿ ದನಿ ಎತ್ತಿ ನಿಲ್ಲಿಸುತ್ತಾರೆ, ಉಳಿದರ್ಧವನ್ನು ಇಡೀ ಕ್ಲಾಸು ರಾಗವಾಗಿ ಪೂರ್ತಿ ಮಾಡುತ್ತದೆ. ಸೂರ್ಯ ಹುಟ್ಟುವುದು ಪೂ... ಎಂದರೆ ಸಾಕು, ರ್ವಾ ಎಂದು ಕಿಟಕಿ ಅದುರುತ್ತದೆ. ನಮ್ಮ ಮೇಷ್ಟ್ರು ನಮಗೆ ಹಾಗೇ ಹೇಳಿಕೊಟ್ಟರು, ನಾವೂ ಹಾಗೇ ಹೇಳಿಕೊಟ್ಟೆವು. ಯಾವ ಟ್ರೈನಿಂಗಿನಲ್ಲೂ ಇದನ್ನು ಕಲಿಸುವುದಿಲ್ಲ, ಎಲ್ಲರಿಗೂ ಬರುತ್ತದೆ.

ನಾನು ಬುಟ್ಟಿ ಎತ್ತಿ ಹಿಡಿದು, "ದಿಸ್ ಈಸ್ ಎ ಬಾಸ್...?" ಎಂದು ನಿಲ್ಲಿಸಿದೆ.

ಇಡೀ ಕ್ಲಾಸು ಒಂದೇ ದನಿಯಲ್ಲಿ, "ದಿಸ್ ಈಸ್ ಎ ಬಾಸ್...?" ಎಂದಿತು.

ನಾನು ಕತ್ತು ಓರೆ ಮಾಡಿ ಮತ್ತೆ ಹೇಳಿದೆ. ಅವರೂ ಕತ್ತು ಓರೆ ಮಾಡಿ ಮತ್ತೆ ಹೇಳಿದರು. ನನ್ನ ರಾಗ, ನನ್ನ ಹುಬ್ಬು, ನಾನು ಗಾಳಿಯಲ್ಲಿ ನಿಲ್ಲಿಸಿದ್ದ ಕೈ, ಒಂದನ್ನೂ ಬಿಡಲಿಲ್ಲ. ಟೀಚರು ಹೇಳಿದ್ದನ್ನು ಹೇಳಿದ ಹಾಗೇ ಒಪ್ಪಿಸುವುದು ಅವರಿಗೆ ಗೊತ್ತಿದ್ದ ಪದ್ಧತಿ. ಟೀಚರು ಅರ್ಧಕ್ಕೇ ನಿಲ್ಲಿಸಿದರೆ ಅವರೂ ವಿನಯದಿಂದ ಅರ್ಧಕ್ಕೇ ನಿಂತರು. ಆ ಪೀರಿಯಡ್ಡಿನಲ್ಲಿ ಬಾಳೆಹಣ್ಣು, ಟೊಮೆಟೊ, ಈರುಳ್ಳಿ ಯಾವುದೂ ಪೂರ್ತಿಯಾಗಲಿಲ್ಲ. ನಾನು ಬೆವರಿದೆ. ಜನವರಿಯ ಚಳಿಗೆ ಮಕ್ಕಳು ಜಾಕೆಟ್ ಹಾಕಿಕೊಂಡಿದ್ದರು.

ಹಿಂದೆ ಕೂತಿದ್ದ ಖ್ರೂ ನೊಕ್, ಬಹಳ ಚೆನ್ನಾಗಿತ್ತು ಎಂದು ನಕ್ಕರು. ನಾನು ನಂಬಿದೆ. ರಾತ್ರಿ ಮರಿಸೆಲ್‌ಗೆ ನಡೆದದ್ದನ್ನು ಹೇಳಿದರೆ ಅವಳು ನಗಲಿಲ್ಲ. ನೀನು ಅವರು ಮುಗಿಸಲಿ ಎಂದು ಕಾಯುತ್ತೀಯ, ಅವರು ನೀನು ಮುಗಿಸಲಿ ಎಂದು ಕಾಯುತ್ತಾರೆ, ಹೀಗೇ ಆದರೆ ಪರೀಕ್ಷಕರು ನಿನ್ನನ್ನು ಬಿನ್ನಿಪೇಟೆಗೆ ಕಳಿಸುತ್ತಾರೆ ಎಂದಳು. ಬಿನ್ನಿಪೇಟೆ ಎಂಬ ಹೆಸರನ್ನು ಅವಳು ನನಗಿಂತ ಸ್ಪಷ್ಟವಾಗಿ ಹೇಳುತ್ತಿದ್ದಳು.

ಸಿಟ್ಟು ಬಂತು. ಇವಳ್ಯಾರು ನನಗೆ ಹೇಳುವುದಕ್ಕೆ ಅನ್ನಿಸಿತು. ಮಾರನೆಯ ದಿನ ಅರ್ಧ ವಾಕ್ಯ ಹೇಳಲೇಬಾರದು ಎಂದು ಶಪಥ ಮಾಡಿ ಹೋದೆ. ಮೊದಲ ವಾಕ್ಯವೇ ಅರ್ಧಕ್ಕೆ ನಿಂತಿತು. ಉಸಿರಾಟದ ಹಾಗೆ ಅಂಟಿಕೊಂಡದ್ದು, ಶಪಥಕ್ಕೆ ಬಗ್ಗುತ್ತದೆಯೇ.

ಎರಡನೇ ಕ್ಲಾಸಿನ ಕುರ್ಚಿ

ಆ ವಾರದ ಕೊನೆಗೆ ಖ್ರೂ ನೊಕ್ ನನ್ನನ್ನು ಕೈ ಹಿಡಿದು ಎರಡನೇ ಕ್ಲಾಸಿಗೆ ಕರೆದುಕೊಂಡು ಹೋದರು. ಇವತ್ತು ನೀವು ಪಾಠ ಮಾಡುವುದು ಬೇಡ, ಕೂತುಕೊಳ್ಳಿ ಎಂದರು. ಮಕ್ಕಳ ಕುರ್ಚಿ. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಪಾಠ ಪೂರ್ತಿ ಥಾಯ್ ಭಾಷೆಯಲ್ಲಿ. ಎಮ್ಮೆಯೊಂದರ ಚಿತ್ರ ತೋರಿಸಿ ಖ್ರೂ ನೊಕ್ ಏನೋ ಕಥೆ ಹೇಳಿದರು, ಮಕ್ಕಳು ಒಟ್ಟಾಗಿ ಹೇಳಿದರು, ನಾನೂ ಬಾಯಾಡಿಸಿದೆ. ಒಂದಕ್ಷರ ತಿಳಿಯಲಿಲ್ಲ. ಆದರೆ ಅಷ್ಟು ಜನರ ದನಿಯ ನಡುವೆ ತುಟಿ ಅಲ್ಲಾಡಿಸಿಕೊಂಡಿರುವುದು ಬಹಳ ಆರಾಮದ ಕೆಲಸ. ಯಾರಿಗೂ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ನನಗೇ ನಾನು ಕಲಿಯುತ್ತಿದ್ದೇನೆ ಅನ್ನಿಸತೊಡಗಿತು.

ಆಗ ಅವರು ಖ್ರೂ ಮನ್‌ಚು ಎಂದು ಕರೆದು, ಎಮ್ಮೆಯನ್ನು ತೋರಿಸಿ ನನ್ನೊಬ್ಬಳನ್ನೇ ಏನೋ ಕೇಳಿದರು. ನಾನು ಎದ್ದು ನಿಂತೆ. ತಲೆಯಲ್ಲಿ ಏನೂ ಇರಲಿಲ್ಲ. ಕಿವಿಯಲ್ಲಿ ಅವರ ಪ್ರಶ್ನೆ ಇನ್ನೂ ಇತ್ತು, ಅದನ್ನೇ, ಅದೇ ರಾಗದಲ್ಲಿ, ದನಿ ಎತ್ತಿ ವಾಪಸ್ ಒಪ್ಪಿಸಿದೆ.

ಹೇಳಿದ ಮೇಲೆ ನನಗೆ ತಿಳಿಯಿತು ನಾನೇನು ಮಾಡಿದೆ ಎಂದು. ಮಕ್ಕಳು ನಗಲಿಲ್ಲ. ಪಕ್ಕದ ಹುಡುಗಿ ನನ್ನ ಮಾನ ಉಳಿಸಲೆಂದೇ ತನ್ನ ಉಗುರು ನೋಡಿಕೊಳ್ಳುತ್ತ ಕೂತಳು. ಇಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ಹೊರಗೆ ಬಂದ ಮೇಲೆ ಖ್ರೂ ನೊಕ್ ಒಂದೇ ಮಾತು ಹೇಳಿದರು. "ಎಲ್ಲರ ಜೊತೆ ಹೇಳುವಾಗ ನಿಮ್ಮ ತುಟಿ ಬಹಳ ಚೆನ್ನಾಗಿ ಆಡುತ್ತಿತ್ತು." ಹೇಳಿ ನಕ್ಕರು. ಆ ನಗುವನ್ನು ಅವತ್ತು ನಾನು ಮೊದಲ ಸಲ ಓದಿದೆ.

ಅವತ್ತು ಸಂಜೆ ನದಿ ದಂಡೆಯಲ್ಲಿ ಕೂತು ನಮ್ಮ ಹತ್ತನೇ ಕ್ಲಾಸನ್ನು ನೆನೆಸಿಕೊಂಡೆ. ಮನೆಯಲ್ಲಿ ಉರ್ದು ಆಡುವವರು, ತಮಿಳು, ತೆಲುಗು ಆಡುವವರು, ನೇಪಾಳದಿಂದ ಬಂದ ವಾಚ್‌ಮನ್‌ನ ಮಗಳು. ಕನ್ನಡವೇ ಅವರಿಗೆ ಎರಡನೆಯದು, ಇಂಗ್ಲಿಷ್ ಮೂರನೆಯದು. ಕಿಟಕಿ ಅದುರುವ ಹಾಗೆ ಕೂಗುವಾಗ ಅದರಲ್ಲಿ ಎಷ್ಟು ದನಿ, ಎಷ್ಟು ಬರೀ ತುಟಿ ಎಂದು ಲೆಕ್ಕ ಸಿಗಲಿಲ್ಲ.

ವಾಟ್

ವಾಟ್ ಎಂದರೆ ವಿಹಾರ. ಬುದ್ಧನ ಮುಂದೆ ಒಂದು ದೀಪ ಹಚ್ಚಿ ಬಾ ಎಂಬ ಅಮ್ಮನ ಕೋರಿಕೆ ಹೇಳಿದಾಗ ಖ್ರೂ ನೊಕ್‌ಗೆ ಆಶ್ಚರ್ಯವಾಯಿತು. ಇಂಡಿಯಾದಲ್ಲಿ ಬುದ್ಧ ಇದ್ದದ್ದು ಗೊತ್ತು, ಈಗಲೂ ಇದ್ದಾನೆಂದು ಗೊತ್ತಿರಲಿಲ್ಲ ಎಂದರು. ಭಾನುವಾರ ಬೆಳಿಗ್ಗೆ ತೇಗದ ಕಂಬಗಳ ಹಳೆಯ ವಾಟ್‌ಗೆ ಕರೆದುಕೊಂಡು ಹೋದರು. ಅಮ್ಮನ ಹೆಸರಿನಲ್ಲಿ ದೀಪ ಹಚ್ಚಿದೆ. ಅಲ್ಲಿ ಮೂರು ಸಲ ನೆಲಕ್ಕೆ ಹಣೆ ಹಚ್ಚುತ್ತಾರೆ, ಕಾಲು ಹಿಂದಕ್ಕೆ ಮಡಚಿ ಕೂರುತ್ತಾರೆ. ನಾವು ಬಿನ್ನಿಪೇಟೆಯಲ್ಲಿ ನಿಂತುಕೊಂಡೇ ಕೈ ಮುಗಿಯುವವರು. ಸೀರೆಯಲ್ಲಿ ಕಾಲು ಮಡಚಲಾಗದೆ ಪಕ್ಕದ ಅಜ್ಜಿಯ ಮೇಲೆ ವಾಲಿದೆ. ಅಜ್ಜಿ ನನ್ನನ್ನು ನೆಟ್ಟಗೆ ಕೂರಿಸಿ, ಕಾಲ ಕೆಳಗೆ ತನ್ನ ಚಾಪೆ ತಳ್ಳಿದರು.

ಆಮೇಲೆ ಎಲ್ಲರೂ ಬುದ್ಧಂ ಸರಣಂ ಗಚ್ಛಾಮಿ ಎಂದು ತ್ರಿಸರಣ ಹೇಳತೊಡಗಿದರು. ರಾಗ ಬೇರೆ, ಉಚ್ಚಾರ ಬೇರೆ. ಆದರೆ ಮೊದಲ ಸಾಲಿನ ಅರ್ಧ ಕಿವಿಗೆ ಬಿದ್ದದ್ದೇ ತಡ, ಉಳಿದರ್ಧ ನನ್ನ ಬಾಯಿಂದ ತಾನಾಗಿ ಬಂತು. ಅಪ್ಪ ಪ್ರತಿ ಭಾನುವಾರ ನಮ್ಮನ್ನು ಸಾಲಾಗಿ ಕೂರಿಸಿ ಹೇಳಿಸುತ್ತಿದ್ದ ಮಾತು. ಲಂಪಾಂಗಿಗೆ ಬಂದ ಮೇಲೆ ನಾನು ಅರ್ಥ ತಿಳಿದು ಎಲ್ಲರ ಜೊತೆ ಪೂರ್ತಿ ಮಾಡಿದ್ದು ಅದೊಂದನ್ನೇ. ಅಳು ಬಂತು, ಅತ್ತೆ. ಪಕ್ಕದ ಅಜ್ಜಿ ನನ್ನ ಮೊಣಕಾಲು ನೋಯುತ್ತಿದೆ ಎಂದುಕೊಂಡು ಚಾಪೆಯನ್ನು ಇನ್ನೊಂದು ಮಡಿಕೆ ಮಾಡಿದರು.

ಕಾಯುವುದು

ಮುಂದಿನ ದಿನಗಳಲ್ಲಿ ನಾನು ಕಲಿತದ್ದು ಬಾಯಿ ಮುಚ್ಚಿಕೊಂಡಿರುವುದನ್ನು. ವಾಕ್ಯವನ್ನು ಪೂರ್ತಿ ಹೇಳಬೇಕು. ಪ್ರಶ್ನೆಯನ್ನು ಒಬ್ಬರಿಗೆ, ಹೆಸರು ಹಿಡಿದು ಕೇಳಬೇಕು. ಕೇಳಿದ ಮೇಲೆ ಕಾಯಬೇಕು. ಕೇಳಲು ಸುಲಭ, ಮಾಡಿ ನೋಡಿ. ನಮ್ಮ ಕಡೆ ಕ್ಲಾಸು ಮೌನವಾಗಿದ್ದರೆ ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದಾರೆ ಎಂದರ್ಥ. ಮಗು ಸುಮ್ಮನೆ ನಿಂತರೆ ನನ್ನ ನಾಲಿಗೆಯ ತುದಿಗೆ ಮೊದಲಕ್ಷರ ಬಂದು ಕೂರುತ್ತಿತ್ತು. ಅದನ್ನು ತಡೆಯಲು ಒಂದು ಉಪಾಯ ಮಾಡಿಕೊಂಡೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಬಿನ್ನಿಪೇಟೆಯಲ್ಲಿ ಬಸ್ಸು ಹತ್ತಿ, ಕಲಾಸಿಪಾಳ್ಯದವರೆಗೆ ಒಂದೊಂದೇ ಸ್ಟಾಪು ಹೇಳಿಕೊಂಡು ಹೋಗುತ್ತಿದ್ದೆ. ಹೆಚ್ಚಿನ ಮಕ್ಕಳು ಸಿರ್ಸಿ ಸರ್ಕಲ್ ದಾಟುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಿದ್ದರು.

ಪ್ಲೊಯ್ ಎಂಬ ಹುಡುಗಿ ಮಾತ್ರ ಹೇಳುತ್ತಿರಲಿಲ್ಲ. ಬೆಟ್ಟದ ಮೇಲಿನ ಹಳ್ಳಿಯವಳು, ಊರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಅವಳ ಮನೆಮಾತು ಬೇರೆ, ಥಾಯ್ ಅನ್ನೇ ಶಾಲೆಗೆ ಬಂದು ಕಲಿತವಳು ಎಂದು ಖ್ರೂ ನೊಕ್ ಹೇಳಿದ್ದರು. ಎಲ್ಲರೂ ಒಟ್ಟಿಗೆ ಹೇಳುವಾಗ ಅವಳ ತುಟಿ ಬಹಳ ಚೆನ್ನಾಗಿ ಆಡುತ್ತಿತ್ತು. ಆ ಆಟ ಈಗ ನನಗೆ ಗುರುತು ಸಿಗುತ್ತಿತ್ತು. ಅವಳನ್ನು ಒಬ್ಬಳನ್ನೇ ಕೇಳಿದಾಗಲೆಲ್ಲ ನನ್ನ ಬಸ್ಸು ಕಲಾಸಿಪಾಳ್ಯ ಮುಟ್ಟಿ ನಿಲ್ಲುತ್ತಿತ್ತು, ಅವಳು ತಲೆ ತಗ್ಗಿಸಿ ಕೂತುಬಿಡುತ್ತಿದ್ದಳು.

ವರಾಂಡದಲ್ಲಿ ಚಾಮರಾಜಪೇಟೆ

ಪರೀಕ್ಷೆಯ ಪಾಠಕ್ಕೆ ನನಗೆ ಸಿಕ್ಕ ವಿಷಯ ದಾರಿ ಹೇಳುವುದು. ಬಿಳಿ ಹಲಗೆಯ ಮೇಲೆ ನಕ್ಷೆ ಬರೆದರೆ ಮಕ್ಕಳು ಅದನ್ನು ನೋಡುತ್ತಾರೆ, ಅಷ್ಟೇ. ಬೆಳಿಗ್ಗೆ ಎದ್ದವಳಿಗೆ ಮಂಚದ ಕೆಳಗಿನ ಡಬ್ಬಿಗಳ ನೆನಪಾಯಿತು. ಬೇಗ ಶಾಲೆಗೆ ಹೋಗಿ, ಚಪ್ಪಲಿ ಬಿಟ್ಟು ಓಡಾಡುವ ವರಾಂಡದ ಸಿಮೆಂಟ್ ನೆಲದ ಮೇಲೆ, ರಂಗೋಲಿಗೆ ಕೂತ ಹಾಗೆ ಕೂತು ಮಾಮೂಲ್‌ಪೇಟೆಯ ಚಾಕ್‌ಪೀಸಿನಲ್ಲಿ ನಮ್ಮ ಕಡೆಯನ್ನು ಬರೆದೆ. ಒಂದು ತುದಿಗೆ ಬಿನ್ನಿಪೇಟೆಯ ಮನೆ, ನಡುವೆ ಸಿರ್ಸಿ ಸರ್ಕಲ್, ಚಾಮರಾಜಪೇಟೆಯ ಮೇನುಗಳು, ಕ್ರಾಸುಗಳು, ನಮ್ಮ ಶಾಲೆ, ಇನ್ನೊಂದು ತುದಿಗೆ ಕಲಾಸಿಪಾಳ್ಯದ ಬಸ್ ಸ್ಟ್ಯಾಂಡ್. ರಸ್ತೆಗಳಿಗೆ ಹೆಸರಿಲ್ಲದೆ ನಂಬರಿರುವುದು ಕಂಡು ಮಕ್ಕಳಿಗೆ ನಗು. ಕ್ಲಾಸಿನವರಿಗೆ ರೋಲ್ ನಂಬರ್ ಇದ್ದ ಹಾಗೆ ಎಂದೆ.

ಬ್ಯಾಂಕಾಕಿನಿಂದ ಬಂದ ಪರೀಕ್ಷಕರು ಟೈ ಕಟ್ಟಿದ್ದ, ನಗದ ಮನುಷ್ಯ. ವರಾಂಡದ ಕೊನೆಯಲ್ಲಿ ಮಕ್ಕಳ ಕುರ್ಚಿಯ ಮೇಲೆ ಕೂತರು. ನನ್ನ ಯೋಜನೆ ಹೀಗಿತ್ತು: ಮಕ್ಕಳು ನಕ್ಷೆಯ ಮೇಲೆ ನಡೆಯುತ್ತ ದಾರಿ ಹೇಳಬೇಕು, ಆಮೇಲೆ ಇಬ್ಬಿಬ್ಬರಾಗಿ ಮಾತಾಡಬೇಕು, ಕೊನೆಗೆ ಬರೆಯಬೇಕು. ಮೊದಲು ಚೆನ್ನಾಗಿಯೇ ನಡೆಯಿತು. ಬರಿಗಾಲಿನ ಮಕ್ಕಳು ನಮ್ಮ ಐದನೇ ಮೇನಿನಲ್ಲಿ ಹಾರಿಕೊಂಡು ಹೋಗುವುದನ್ನು ನೋಡಿ ನನಗೇ ಖುಷಿಯಾಯಿತು. ಆಮೇಲೆ ಪ್ಲೊಯ್‌ಳನ್ನು ಕರೆದೆ. ಕರೆಯದೆ ಇದ್ದಿದ್ದರೆ ಪಾಠ ಸಲೀಸಾಗಿ ಮುಗಿಯುತ್ತಿತ್ತು, ಅದು ನನಗೂ ಗೊತ್ತಿತ್ತು. ಶಾಲೆಯಿಂದ ಬಸ್ ಸ್ಟ್ಯಾಂಡಿಗೆ ನನ್ನನ್ನು ಕರೆದುಕೊಂಡು ಹೋಗು ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವಳು ಶಾಲೆಯ ಚೌಕದೊಳಗೆ ನಿಂತಳು. ನಾನು ಬಸ್ಸು ಹತ್ತಿದೆ. ಬಸ್ಸು ಸಿರ್ಸಿ ಸರ್ಕಲ್ ದಾಟಿತು. ಪರೀಕ್ಷಕರು ಗಡಿಯಾರ ನೋಡಿಕೊಂಡರು. ಬಸ್ಸು ಕಲಾಸಿಪಾಳ್ಯ ಮುಟ್ಟಿತು. ನನ್ನ ನಾಲಿಗೆಯ ತುದಿಯಲ್ಲಿ ಗೋ ಎಂಬ ಅಕ್ಷರ ಬಂದು ಕೂತಿತ್ತು. ಅದನ್ನು ನುಂಗಿ ಬಸ್ಸನ್ನು ವಾಪಸ್ ತಿರುಗಿಸಿದೆ. ನನ್ನ ಎರಡು ವರ್ಷದ ಅನ್ನ ಆ ಹುಡುಗಿಯ ಬಾಯಲ್ಲಿತ್ತು, ಅವಳಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂದು ನಾನು ನಗುಮುಖ ಮಾಡಿಕೊಂಡು ನಿಂತಿದ್ದೆ.

ಬಸ್ಸು ಮತ್ತೆ ಬಿನ್ನಿಪೇಟೆಯ ಹತ್ತಿರ ಬಂದಾಗ ಪ್ಲೊಯ್ ಒಂದು ಹೆಜ್ಜೆ ಇಟ್ಟಳು.

"ಗೋ ಸ್ಟ್ರೇಟ್," ಎಂದಳು. ಸಣ್ಣ ದನಿ, ಆದರೆ ದನಿ. ಇನ್ನೆರಡು ಹೆಜ್ಜೆ. "ಟರ್ನ್ ಲೆಫ್ಟ್." ಬಸ್ ಸ್ಟ್ಯಾಂಡ್ ಬಲಕ್ಕಿತ್ತು. ಅವಳು ಎಡಕ್ಕೇ ತಿರುಗಿ, ಸಿರ್ಸಿ ಸರ್ಕಲ್ ದಾಟಿ, ನನ್ನ ಮನೆಯ ಚೌಕದೊಳಗೆ ಹೋಗಿ ನಿಂತು, ನನ್ನ ಮುಖ ನೋಡಿ ಹೇಳಿದಳು. "ದಿಸ್ ಈಸ್ ಟೀಚರ್ ಹೌಸ್."

ಅಷ್ಟರಲ್ಲಿ ಗಂಟೆ ಹೊಡೆಯಿತು. ಇಬ್ಬಿಬ್ಬರ ಮಾತೂ ಇಲ್ಲ, ಬರವಣಿಗೆಯೂ ಇಲ್ಲ. ಯೋಜನೆಯ ಅರ್ಧ ನಡೆಯಲೇ ಇಲ್ಲ. ಮಕ್ಕಳು ಊಟಕ್ಕೆ ಓಡಿದರು. ಪರೀಕ್ಷಕರು ಬಂದು, ಅವಳು ಹೋಗಬೇಕಾದ ಕಡೆ ಹೋಗಲಿಲ್ಲ, ನೀವೇಕೆ ತಿದ್ದಲಿಲ್ಲ ಎಂದು ಕೇಳಿದರು. "ಅವಳು ಇವತ್ತು ಮೊದಲ ಸಲ ಮಾತಾಡಿದಳು. ಬಸ್ ಸ್ಟ್ಯಾಂಡಿಗೆ ನಾಳೆ ಹೋಗುತ್ತೇವೆ," ಎಂದೆ. ಅವರು ಅದನ್ನು ಬರೆದುಕೊಂಡು ಹೊರಟುಹೋದರು. ನಾನು ಅಲ್ಲೇ ಕೂತು ಒದ್ದೆ ಬಟ್ಟೆಯಲ್ಲಿ ಚಾಮರಾಜಪೇಟೆಯನ್ನು ಒರೆಸಿದೆ.

ಚಪ್ಪಲಿ ಸ್ಟ್ಯಾಂಡ್

ಮರಿಸೆಲ್‌ಳ ಪಾಠ ಯೋಜನೆಯಂತೆಯೇ ಮುಗಿದಿತ್ತು. ಅವಳಿಗೆ ಸಂಜೆಯೇ ಒಳ್ಳೆಯ ಸುದ್ದಿ ಬಂತು. ನನಗೆ ಯಾವ ಸುದ್ದಿಯೂ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿದರೆ, ದೀಪ ಹಚ್ಚಿದ್ಯಲ್ಲ, ಅಷ್ಟು ಸಾಕು ಬಿಡು ಎಂದಳು. ಕೆಲಸ ಕೈತಪ್ಪಿತೆಂದು ನನ್ನ ದನಿಯಿಂದಲೇ ಊಹಿಸಿದ್ದಳು.

ಮರುದಿನ ಖ್ರೂ ನೊಕ್ ಗೇಟಿನಲ್ಲೇ ಕಾಯುತ್ತಿದ್ದರು. ಊಟ ಆಯ್ತಾ ಎಂದು ಕೇಳಿದರು. ಈ ಸಲ ಉತ್ತರಕ್ಕೂ ಕಾದರು. ಇಲ್ಲ ಎಂದದ್ದಕ್ಕೆ ಕೂರಿಸಿ, ತೆಂಗಿನಹಾಲು ಹಾಕಿದ ಅಂಟನ್ನವನ್ನೂ ಬಾಳೆಹಣ್ಣನ್ನೂ ಮುಂದಿಟ್ಟರು. ಕೆಟ್ಟ ಸುದ್ದಿಯನ್ನು ಬರಿಹೊಟ್ಟೆಗೆ ಹೇಳಬಾರದೆಂದು ತಿನ್ನಿಸುತ್ತಿದ್ದಾರೆ ಎಂದುಕೊಂಡೆ. ನಾನು ಕೊನೆಯ ತುತ್ತು ತಿನ್ನುವವರೆಗೆ ಅವರು ಎದುರಿಗೇ ಕೂತಿದ್ದರು.

ಆಮೇಲೆ ವರಾಂಡಕ್ಕೆ ನಡೆದೆವು. ನಾನು ಅಭ್ಯಾಸದಂತೆ ನೆರಿಗೆ ಹಿಡಿದು ಬಗ್ಗಿ ಚಪ್ಪಲಿಯನ್ನು ಕೆಳಗಿನ ಸಾಲಿನಲ್ಲಿ ಇಟ್ಟೆ. ಖ್ರೂ ನೊಕ್ ಅವನ್ನು ತಮ್ಮ ಕೈಯಾರೆ ಎತ್ತಿದರು. ನಾನು ಗಾಬರಿಯಾದೆ, ಹಿರಿಯರು ನಮ್ಮ ಚಪ್ಪಲಿ ಮುಟ್ಟುವುದೇ. ಅವರು ಅದನ್ನು ಮೇಲಿನ ಸಾಲಿನ ಒಂದು ಖಾಲಿ ಜಾಗದಲ್ಲಿಟ್ಟರು. ಅದರ ಮೇಲೆ ಹೊಸ ಚೀಟಿ, ಥಾಯ್ ಅಕ್ಷರ. ನನಗೆ ಓದಲು ಬರಲಿಲ್ಲ. ಅವರು ಬೆರಳಿಟ್ಟು, ಪೂರ್ತಿ, ನಿಧಾನವಾಗಿ ಓದಿದರು.

"ಖ್ರೂ ಮನ್‌ಚು."

ಮತ್ತೆ ಚಾಮರಾಜಪೇಟೆ

ಅಲ್ಲಿ ಹೊಸ ವರ್ಷದ ತರಗತಿಗಳು, ಜೊತೆಗೆ ನನ್ನ ಕೆಲಸ, ಮೇ ತಿಂಗಳಲ್ಲಿ ಶುರು. ನಾನು ಫೆಬ್ರವರಿಯಲ್ಲಿ ವಾಪಸ್ ಬಂದು ನಮ್ಮ ಕೊನೆಯ ಬ್ಯಾಚಿನ ಪಾಠ ಮುಗಿಸಿದೆ. ಅರ್ಧ ವಾಕ್ಯ ಹೇಳುವುದನ್ನು ಬಿಟ್ಟು, ಹೆಸರು ಹಿಡಿದು ಕೇಳತೊಡಗಿದ ಮೇಲೆ ಹಿಂದಿನ ಬೆಂಚಿನವರಿಗೆ ಸಂಕಟವಾಯಿತು. "ಥಾಯ್ಲೆಂಡಿಂದ ಬಂದ್ಮೇಲೆ ಮಿಸ್ ಯಾಕೋ ಸರಿ ಇಲ್ಲ ಮಗಾ," ಎಂದು ಒಬ್ಬ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ವಾಚ್‌ಮನ್‌ನ ಮಗಳು ಸಬಿತಾ ಮೊದಲ ವಾರವೆಲ್ಲ ನನ್ನನ್ನು ಕಲಾಸಿಪಾಳ್ಯದವರೆಗೂ ಕಳಿಸುತ್ತಿದ್ದಳು. ಆಮೇಲಾಮೇಲೆ ಸಿರ್ಸಿ ಸರ್ಕಲ್‌ನಲ್ಲೇ ಇಳಿಸತೊಡಗಿದಳು.

ಪರೀಕ್ಷೆಯ ರಜೆಗೆ ಮುಂಚಿನ ಕೊನೆಯ ದಿನ, ಕೊನೆಯ ಪೀರಿಯಡ್ಡು ನನ್ನದೇ. ಅದು ಶಾಲೆಯದೂ ಕೊನೆಯ ಪೀರಿಯಡ್ಡು. ಪಕ್ಕದ ಕೋಣೆಗಳ ಬೆಂಚುಗಳನ್ನು ಆಗಲೇ ಲಾರಿಗೆ ಹೇರುತ್ತಿದ್ದರು. ಹಾಲ್ ಟಿಕೆಟ್ ಮರೆಯಬೇಡಿ, ಪ್ರಶ್ನೆಯನ್ನು ಎರಡು ಸಲ ಓದಿ ಎಂದು ಹೇಳಬೇಕಾದ್ದನ್ನೆಲ್ಲ ಪೂರ್ತಿ ವಾಕ್ಯಗಳಲ್ಲಿ ಹೇಳಿದೆ. ಮಕ್ಕಳು ಎದ್ದು ನಿಂತರು. ಇನ್ನೊಂದೇ ಮಾತು ಉಳಿದಿತ್ತು.

"ಸರಿ ಮಕ್ಕಳೇ, ನಾನಿನ್ನು ಹೋಗಿ..." ಎಂದೆ. ಅಲ್ಲಿಗೆ ನಿಂತಿತು. ನಾನು ಬೇಕೆಂದು ನಿಲ್ಲಿಸಿದ್ದಲ್ಲ. ಬೇರೆ ಯಾವ ಊರಿನ ಮಕ್ಕಳಿಗೆ ಎಷ್ಟೇ ಚೆನ್ನಾಗಿ ಕಲಿಸಿದರೂ ಈ ಮಾತಿನ ಉಳಿದರ್ಧ ಅವರಿಗೆ ಗೊತ್ತಿರುವುದಿಲ್ಲ ಎಂಬುದು ಆಗ ಹೊಳೆಯಿತು. ನಾನು ಮೇಜು ಹಿಡಿದು ನಿಂತೆ.

ನಾನು ಹೆಸರು ಹಿಡಿದು ಕರೆಯಲಿ ಎಂದು ಅವರು ಕಾಯಲಿಲ್ಲ. ಇಡೀ ಕ್ಲಾಸು ಒಟ್ಟಿಗೆ, ರಾಗವಾಗಿ, ಕಿಟಕಿ ಅದುರುವ ಹಾಗೆ ಪೂರ್ತಿ ಮಾಡಿತು.

"ಬರ್ತೀನಿ."

ಸಬಿತಾಳ ತುಟಿಯನ್ನು ನೋಡಿದೆ. ಅವಳ ದನಿಯೂ ಅದರಲ್ಲಿತ್ತು.